ದರ ಏರಿಸುವ ಮೊದಲು ಶಿವನಸಮುದ್ರ ನೆನಪಾಗಲಿ

ದರ ಏರಿಕೆಯ ಅರ್ಜಿ ಹಿಡಿದು ಎಸ್ಕಾಂಗಳು ಕೆಇಆರ್‌ಸಿ ಮುಂದೆ ನಿಲ್ಲುವುದು ನಮ್ಮಲ್ಲಿ ವಾಡಿಕೆಯೇ ಆಗಿಬಿಟ್ಟಿದೆ. 2023ರ ಮೇ ತಿಂಗಳ ಆದೇಶದಲ್ಲಿ ಯೂನಿಟ್‌ಗೆ ಸರಾಸರಿ 70 ಪೈಸೆ ಏರಿತು. ಕೊಡುವ ಕಾರಣಗಳಲ್ಲಿ ಮುಖ್ಯವಾದದ್ದು ವಿದ್ಯುತ್ ಖರೀದಿಯ ಖರ್ಚು. ಹಾಗಾದರೆ ಖರೀದಿಸುವುದನ್ನು ಕಡಿಮೆ ಮಾಡಿ ತಾವೇ ಏಕೆ ಉತ್ಪಾದಿಸಬಾರದು? ಇದು ಹೊಸ ಪ್ರಶ್ನೆಯಲ್ಲ. ನಮ್ಮ ನಾಡು ನೂರಿಪ್ಪತ್ತು ವರ್ಷಗಳ ಹಿಂದೆಯೇ ಇದಕ್ಕೆ ಉತ್ತರ ಕೊಟ್ಟಿದೆ.

ಕೋಲಾರದ ಚಿನ್ನದ ಗಣಿಗಳು ಉಗಿಯಂತ್ರ ನಡೆಸಲು ಸೌದೆ, ಕಲ್ಲಿದ್ದಲು ಸುಡುತ್ತಿದ್ದ ಕಾಲವದು. ಆಗ ಮೈಸೂರು ಸಂಸ್ಥಾನ ತನ್ನದೇ ಬಂಡವಾಳ ಹಾಕಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆಯಿತು. 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಅದನ್ನು ಗಣಿಗೆ ಮುಟ್ಟಿಸಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡವು. ಮುಂದೆ ಜೋಗ, 1960ರ ದಶಕದಲ್ಲಿ ಶರಾವತಿ. ಎಲ್ಲ ಕಡೆಯೂ ದುಡ್ಡು ಹಾಕಿದ್ದು ಸರ್ಕಾರ, ಒಡೆತನವೂ ಸಾರ್ವಜನಿಕರದ್ದೇ. ಕಟ್ಟಿದ ಸಾಲ ತೀರಿದ ಮೇಲೆ ಆ ವಿದ್ಯುತ್ ಅಗ್ಗವಾಗಿಯೇ ಉಳಿಯಿತು. ಆದರೆ ಅದರ ನಿಜವಾದ ಬೆಲೆ ತೆತ್ತವರು ಶರಾವತಿ ಮುಳುಗಡೆ ಸಂತ್ರಸ್ತರು. ಅವರಲ್ಲಿ ಎಷ್ಟೋ ಕುಟುಂಬಗಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ.

1980ರ ದಶಕದಲ್ಲಿ ರಾಯಚೂರಿನ ಶಾಖೋತ್ಪನ್ನ ಸ್ಥಾವರ ಬಂತು. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ, ಎಲ್ಲವೂ ಹೊರಗಿನಿಂದ ರೈಲಿನಲ್ಲಿ ಬರಬೇಕು. ಅಲ್ಲಿಂದ ಕಲ್ಲಿದ್ದಲಿನ ದರ, ಸಾಗಣೆ ದರ ನಮ್ಮ ಮನೆಯ ಕರೆಂಟ್ ಬಿಲ್ಲಿಗೂ ಅಂಟಿಕೊಂಡಿತು. 1999ರ ಸುಧಾರಣೆಯಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು. 2002ರಲ್ಲಿ ಹುಟ್ಟಿದ ಎಸ್ಕಾಂಗಳಿಗೆ ಉಳಿದದ್ದು ಕೊಳ್ಳುವ, ಹಂಚುವ, ಬಿಲ್ ವಸೂಲಿ ಮಾಡುವ ಕೆಲಸ.

ಸೌರ ವಿದ್ಯುತ್ತಿನಲ್ಲಿ ಮತ್ತೆ ಹಳೆಯ ದಾರಿ ಹಿಡಿಯಬಹುದಿತ್ತು. 2010ರ ಹೊತ್ತಿಗೆ ಕೆಪಿಸಿ ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ 3 ಮೆಗಾವಾಟ್‌ನ ಸೌರ ಘಟಕ ಕಟ್ಟಿತು. ಆಗ ಸೋಲಾರ್ ದುಬಾರಿ. ದೇಶದ ಮೊದಲ ಹರಾಜುಗಳಲ್ಲಿ ಯೂನಿಟ್‌ಗೆ ಸುಮಾರು 12 ರೂಪಾಯಿ ಇತ್ತು. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಅದು 2.44 ರೂಪಾಯಿಗೆ ಇಳಿಯಿತು. ಅಷ್ಟರಲ್ಲಿ ಇಲ್ಲಿ ಪಾವಗಡದ ಕೆಲಸ ನಡೆದಿತ್ತು: ಸುಮಾರು 13,000 ಎಕರೆ, 2,050 ಮೆಗಾವಾಟ್. ರೈತರಿಂದ ಜಮೀನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಕೊಟ್ಟದ್ದು ಒಳ್ಳೆಯ ಮಾದರಿ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರಿಗೆ ಗುತ್ತಿಗೆ ಹಣದಲ್ಲಿ ಪಾಲಿಲ್ಲ. ಫಲಕಗಳ ಒಡೆತನವೂ ಹೆಚ್ಚಾಗಿ ಖಾಸಗಿ ಕಂಪನಿಗಳದ್ದು. ಎಸ್ಕಾಂ ಅಲ್ಲೂ ಗಿರಾಕಿಯೇ.

ನಮ್ಮ ಬೇಡಿಕೆ ಸರಳ. ಪಂಪ್‌ಸೆಟ್ ಹೆಚ್ಚಿರುವ ಫೀಡರ್‌ಗಳ ಸಬ್‌ಸ್ಟೇಷನ್ ಪಕ್ಕದಲ್ಲೇ ಎಸ್ಕಾಂಗಳು ಸ್ವಂತ ಸೌರ ಘಟಕ ಕಟ್ಟಲಿ. ಕೇಂದ್ರದ ಕುಸುಮ್ ಯೋಜನೆಯಲ್ಲಿ ಫೀಡರ್ ಮಟ್ಟದ ಸೋಲಾರ್‌ಗೆ ದಾರಿಯಿದೆ. ಹತ್ತಿರದಲ್ಲೇ ತಯಾರಾದ ವಿದ್ಯುತ್ ತಂತಿಯಲ್ಲಿ ಸೋರುವುದು ಕಡಿಮೆ. ರೈತರು ತ್ರೀ ಫೇಸ್ ಕರೆಂಟಿಗಾಗಿ ಹಾವು ಚೇಳಿನ ಕತ್ತಲಲ್ಲಿ ಹೊಲಕ್ಕೆ ಹೋಗುವುದು ತಪ್ಪುತ್ತದೆ. ರಾತ್ರಿ ಸೋಲಾರ್ ಇಲ್ಲವಲ್ಲ ಎನ್ನುವವರಿಗೆ ಶರಾವತಿಯೇ ಉತ್ತರ. ಹಗಲು ಬಿಸಿಲು ದುಡಿದರೆ ಲಿಂಗನಮಕ್ಕಿಯಲ್ಲಿ ಉಳಿದ ನೀರು ಸಂಜೆಗೆ ಒದಗುತ್ತದೆ.

ಎಸ್ಕಾಂಗಳ ಬಳಿ ದುಡ್ಡಿಲ್ಲ ಎಂಬ ಮಾತಿದೆ, ಸುಳ್ಳಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳ ಉಚಿತ ವಿದ್ಯುತ್ತಿನ ಸಬ್ಸಿಡಿಗೆ ಅವು ಸರ್ಕಾರದ ಮುಖ ನೋಡಬೇಕು. ಆದರೆ ಅದೇ ಪಂಪ್‌ಸೆಟ್ ಸೋಲಾರ್‌ನಲ್ಲಿ ಓಡಿದರೆ ಸಬ್ಸಿಡಿಯ ಹೊರೆಯೂ ಇಳಿಯುತ್ತದೆ. ಸಾಲ ಮಾಡಿ ಕಟ್ಟಿದ ಘಟಕದ ಸಾಲ ಒಂದು ದಿನ ತೀರುತ್ತದೆ. ಕಲ್ಲಿದ್ದಲಿನ ಬಿಲ್ ಎಂದೂ ತೀರುವುದಿಲ್ಲ.

ದರ ಪರಿಷ್ಕರಣೆಗೆ ಮುನ್ನ ಕೆಇಆರ್‌ಸಿ ಆಕ್ಷೇಪಣೆ ಕರೆಯುತ್ತದೆ, ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಆಕ್ಷೇಪಣೆಯನ್ನು ಕನ್ನಡದಲ್ಲೇ ಬರೆಯೋಣ. ಎಷ್ಟು ಪೈಸೆ ಏರಿಸುತ್ತೀರಿ ಎಂದು ಕೇಳುವುದರ ಜೊತೆಗೆ ಸ್ವಂತದ ಸೌರ ಘಟಕ ಎಷ್ಟು ಮೆಗಾವಾಟ್ ಕಟ್ಟಿದಿರಿ ಎಂದೂ ಕೇಳೋಣ.