ನಾಣ್ಯದ ಕವಚ: ರಕ್ಷಕವಸ್ತುವಿನ ಆಯುಷ್ಯ

ಚರಿತ್ರೆಯ ಲಿಖಿತ ಆಕರಗಳಲ್ಲಿ ನಾಣ್ಯದಷ್ಟು ಕಿರಿದಾದುದು ಬೇರೊಂದಿಲ್ಲ. ಅರಸನ ಹೆಸರು, ಲಾಂಛನ, ಟಂಕಸಾಲೆಯ ಗುರುತು, ತೇದಿ ಇವೆಲ್ಲವೂ ಬೆರಳಗಲದ ಲೋಹದ ಮೇಲೆ ತೆಳುವಾದ ಉಬ್ಬುಗೆರೆಗಳಲ್ಲಿ ಅಡಗಿರುತ್ತವೆ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಮೈಲಿ ಕಾಸಿನ ಮೇಲಿನ ಕನ್ನಡ ಅಕ್ಷರಗಳನ್ನು ಓದಲು ಯತ್ನಿಸಿದವರಿಗೆ ಈ ಸೂಕ್ಷ್ಮತೆಯ ಅರಿವಿರುತ್ತದೆ. ಆ ಮೇಲ್ಮೈಯನ್ನು ಕಿಲುಬು ತಿಂದರೆ ಒಂದು ದಾಖಲೆಯೇ ಅಳಿದಂತೆ. ಆದ್ದರಿಂದ ನಾಣ್ಯವನ್ನು ಯಾವುದರೊಳಗೆ ಇರಿಸಲಾಗಿದೆ ಎಂಬುದು ಸಂಗ್ರಾಹಕರಿಗೆಂತೋ ಇತಿಹಾಸಕಾರರಿಗೂ ಅಂತೆಯೇ ಮುಖ್ಯವಾದ ವಿಚಾರ.

ರಕ್ಷಿಸಬೇಕಾದ ವಸ್ತುವೇ ಭಕ್ಷಕವಾಗುವ ಸಂಗತಿ ಪ್ಲಾಸ್ಟಿಕ್‌ಗಿಂತ ಹಳೆಯದು. ಯುರೋಪಿನ ಸಂಗ್ರಾಹಕರು ನಾಣ್ಯ, ಪದಕಗಳನ್ನು ಮರದ ಸೆಳೆಖಾನೆಗಳಲ್ಲಿ ಇಡುತ್ತಿದ್ದರು. ಓಕ್ ಮರದಿಂದ ಹೊರಸೂಸುವ ಅಸಿಟಿಕ್ ಆಮ್ಲದ ಆವಿಯು ಸೀಸದ ವಸ್ತುಗಳನ್ನು ಬಿಳಿಯ ಪುಡಿಯಾಗಿಸುತ್ತಿತ್ತು. ಈ ಕಾರಣದಿಂದ ನಾಣ್ಯಪೆಟ್ಟಿಗೆಗಳಿಗೆ ಮಹಾಗನಿ ಮರಕ್ಕೆ ಹೆಚ್ಚಿನ ಮನ್ನಣೆ ದೊರೆಯಿತು. ಗಂಧಕದ ಅಂಶವುಳ್ಳ ಕಾಗದದ ಲಕೋಟೆಗಳಾದರೋ ಬೆಳ್ಳಿಯನ್ನು ಕಪ್ಪಾಗಿಸುತ್ತಿದ್ದವು.

ಇಪ್ಪತ್ತನೆಯ ಶತಮಾನದಲ್ಲಿ ಬಂದ ಪಾರದರ್ಶಕ ಪ್ಲಾಸ್ಟಿಕ್ ಈ ತೊಡಕುಗಳಿಗೆ ಪರಿಹಾರವೆಂಬಂತೆ ತೋರಿತು. ಕೈ ಸೋಂಕದೆಯೇ ನಾಣ್ಯದ ಎರಡೂ ಮುಖಗಳನ್ನು ನೋಡುವ ಅನುಕೂಲ ಅದರಿಂದ ಒದಗಿತು. ಪಾಲಿವಿನೈಲ್ ಕ್ಲೋರೈಡ್, ಅಂದರೆ ಪಿವಿಸಿ, ಸ್ವಭಾವತಃ ಬಿರುಸಾದ ವಸ್ತು. ಅದನ್ನು ಮೆದುಗೊಳಿಸುವ ವಿಧಾನವನ್ನು ಅಮೆರಿಕದ ರಸಾಯನವಿಜ್ಞಾನಿ ವಾಲ್ಡೋ ಸೀಮನ್ 1926ರಲ್ಲಿ ಕಂಡುಕೊಂಡರು. ಹೀಗೆ ಮೆದುವಾದ ಪಿವಿಸಿಯ ಅಗ್ಗದ ಕಿಸೆಗಳು ಮುಂದೆ ಸಂಗ್ರಾಹಕರ ಆಲ್ಬಮ್‌ಗಳನ್ನು ತುಂಬಿದವು.

ಆದರೆ ಮೃದುತ್ವವನ್ನು ನೀಡುವ ಎಣ್ಣೆಯಂಥ ದ್ರವ್ಯವು ಪಿವಿಸಿಯೊಡನೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ. ವರ್ಷಗಳು ಕಳೆದಂತೆ ಅದು ಹೊರಬಂದು ನಾಣ್ಯದ ಮೇಲೆ ಅಂಟಾದ ಪೊರೆಯಾಗಿ ಕೂರುತ್ತದೆ. ಶಾಖ ಮತ್ತು ಬೆಳಕಿಗೆ ಸಿಲುಕಿ ಪಿವಿಸಿ ಶಿಥಿಲವಾದಾಗ ಹೈಡ್ರೋಕ್ಲೋರಿಕ್ ಆಮ್ಲ ಬಿಡುಗಡೆಯಾಗುತ್ತದೆ. ತೇವದೊಡನೆ ಸೇರಿ ಅದು ತಾಮ್ರವನ್ನು ಕೊರೆಯುತ್ತದೆ. ಹಸಿರು ಕಲೆಗಳು ಇದರ ಕುರುಹು. ಬೆಳ್ಳಿಯ ನಾಣ್ಯದಲ್ಲಿ ಬೆರೆತಿರುವ ತಾಮ್ರಕ್ಕೂ ಇದೇ ಗತಿ. ಪೊರೆ ಹೊಸದಾಗಿದ್ದರೆ ಶುದ್ಧ ಅಸಿಟೋನ್‌ನಿಂದ ಅದನ್ನು ಕರಗಿಸಿ ತೆಗೆಯಬಹುದು. ಆಮ್ಲವು ಲೋಹವನ್ನೇ ತಿಂದಿದ್ದರೆ ಕಳೆದುಹೋದ ಅಕ್ಷರವು ಮರಳಿ ಬರುವುದಿಲ್ಲ.

ಇಂಥ ಅಪಾಯವನ್ನು ಮುಂಚಿತವಾಗಿ ಅರಿಯುವ ಸರಳ ವಿಧಾನವೊಂದನ್ನು ಬ್ರಿಟಿಷ್ ಮ್ಯೂಸಿಯಮ್ಮಿನ ಆಂಡ್ರ್ಯೂ ಆಡಿ 1973ರಲ್ಲಿ ರೂಪಿಸಿದರು. ಪರೀಕ್ಷಿಸಬೇಕಾದ ವಸ್ತುವನ್ನು ಬೆಳ್ಳಿ, ಸೀಸ, ತಾಮ್ರದ ತುಣುಕುಗಳೊಡನೆ ಮುಚ್ಚಿದ ಪಾತ್ರೆಯಲ್ಲಿಟ್ಟು, ತೇವವಿರುವಂತೆ ಮಾಡಿ, 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 28 ದಿನ ಇರಿಸಲಾಗುತ್ತದೆ. ಲೋಹದ ತುಣುಕು ಮಾಸಿದರೆ ಆ ವಸ್ತು ಸಂಗ್ರಹಾಲಯಕ್ಕೆ ಯೋಗ್ಯವಲ್ಲ. ಕ್ಲೋರಿನ್ನಿನ ಇರವನ್ನು ತಿಳಿಯಲು ಇನ್ನೂ ಹಳೆಯ ಉಪಾಯವಿದೆ: ಕಾಯಿಸಿದ ತಾಮ್ರದ ತಂತಿಗೆ ಪ್ಲಾಸ್ಟಿಕ್ಕನ್ನು ತಾಕಿಸಿ ಜ್ವಾಲೆಗೆ ಹಿಡಿದಾಗ ಹಸಿರು ಬಣ್ಣ ಕಂಡರೆ ಅದು ಪಿವಿಸಿ ಎಂದು ಶಂಕಿಸಬೇಕು.

ಪಾಲಿಯೆಸ್ಟರ್ ಹಾಳೆ, ಅಕ್ರಿಲಿಕ್, ಪಾಲಿಸ್ಟೈರೀನ್‌ಗಳು ಪಿವಿಸಿಗಿಂತ ಸುರಕ್ಷಿತವಾದವು. ಇವುಗಳಲ್ಲಿ ಕ್ಲೋರಿನ್ ಇಲ್ಲ. ಅಮೆರಿಕದಲ್ಲಿ 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಸಂಸ್ಥೆಗಳು ನಾಣ್ಯದ ದರ್ಜೆಯನ್ನು ನಿರ್ಣಯಿಸಿ ಅದನ್ನು ಗಟ್ಟಿ ಪ್ಲಾಸ್ಟಿಕ್ ಫಲಕದೊಳಗೆ ಮುದ್ರಿಸಿಡುವ ಪದ್ಧತಿಯನ್ನು ಆರಂಭಿಸಿದವು. ಆದರೆ ಪಾಲಿಸ್ಟೈರೀನ್ ಬಿಸಿಲಿಗೆ ಹಳದಿಯಾಗುತ್ತದೆ, ಗೀರುಬೀಳುತ್ತದೆ, ಪೆಟ್ಟಿಗೆ ಸೀಳುತ್ತದೆ. ಗಾಳಿಯೂ ತೇವವೂ ಅದರೊಳಗೆ ನಿಧಾನವಾಗಿ ನುಸುಳುವುದರಿಂದ ಒಳಗಿರುವ ಲೋಹದ ಬಣ್ಣ ಬದಲಾಗುತ್ತಲೇ ಇರುತ್ತದೆ. ಸಂಶೋಧಕನಿಗೆ ಮತ್ತೊಂದು ಅಡ್ಡಿಯೂ ಇದೆ. ನಾಣ್ಯಶಾಸ್ತ್ರಕ್ಕೆ ತೂಕವೇ ಮೂಲ ಪ್ರಮಾಣ. ಮೊಹರಾದ ಫಲಕವನ್ನು ಒಡೆಯದೆ ಒಳಗಿನ ನಾಣ್ಯವನ್ನು ತೂಗಲಾಗದು.

ಪ್ಲಾಸ್ಟಿಕ್ಕಿನ ಆಯುಷ್ಯಕ್ಕೆ ಹವೆಯೂ ಕಾರಣ. ಚಲನಚಿತ್ರದ ಸೆಲ್ಯುಲೋಸ್ ಟ್ರೈಅಸಿಟೇಟ್ ಸುರುಳಿಗಳನ್ನು 1948ರಲ್ಲಿ ಸುರಕ್ಷಿತವೆಂದೇ ಬಳಕೆಗೆ ತರಲಾಯಿತು. ಅವು ಹುಳಿಯಾಗಿ ಕೆಡುತ್ತಿವೆಯೆಂಬ ಮೊದಲ ದೂರು ಈಸ್ಟ್‌ಮನ್ ಕೊಡಾಕ್ ಸಂಸ್ಥೆಗೆ ಒಂದು ದಶಕದೊಳಗೇ ತಲುಪಿತು. ಅದನ್ನು ಕಳುಹಿಸಿದ್ದು ಭಾರತ ಸರ್ಕಾರ. ತಂಪು ನಾಡಿನಲ್ಲಿ ದೀರ್ಘಕಾಲ ಬಾಳುವ ವಸ್ತು ಸೆಕೆ, ತೇವಗಳ ನಾಡಿನಲ್ಲಿ ಬೇಗ ಸೋಲಬಲ್ಲದೆಂಬುದಕ್ಕೆ ಇದು ನಿದರ್ಶನ.

ಎರಡು ಸಾವಿರ ವರ್ಷ ಮಣ್ಣಿನಲ್ಲಿದ್ದೂ ಓದಲು ದಕ್ಕುವ ನಾಣ್ಯಗಳಿವೆ. ಅವುಗಳನ್ನು ಕಾಯಲು ಬಳಸುವ ಪ್ಲಾಸ್ಟಿಕ್ಕುಗಳಲ್ಲಿ ಹೆಚ್ಚಿನವಕ್ಕೆ ನೂರು ವರ್ಷದ ಅನುಭವವೂ ಇಲ್ಲ. ಆದಕಾರಣ ಕವಚವನ್ನು ನಾಣ್ಯದ ಶಾಶ್ವತ ಮನೆಯೆಂದು ಬಗೆಯದೆ, ಕಾಲಕಾಲಕ್ಕೆ ಪರೀಕ್ಷಿಸಿ ಬದಲಿಸಬೇಕಾದ ತಂಗುದಾಣವೆಂದು ತಿಳಿಯುವುದು ಲೇಸು. ತೂಕ, ಅಳತೆ, ದೊರೆತ ಸ್ಥಳ, ಎರಡೂ ಮುಖಗಳ ಚಿತ್ರ ಇವುಗಳನ್ನು ಕವಚದ ಚೀಟಿಗೆ ಮಾತ್ರ ಒಪ್ಪಿಸದೆ ಪ್ರತ್ಯೇಕವಾಗಿ ದಾಖಲಿಸಿಡಬೇಕು. ಓಲೆಗರಿ ಜೀರ್ಣವಾಗುವ ಮುನ್ನವೇ ಪ್ರತಿ ಮಾಡಿಟ್ಟ ಲಿಪಿಕಾರರಿಂದಲೇ ಹಳೆಯ ಕಾವ್ಯಗಳು ಉಳಿದುಬಂದವು. ನಾಣ್ಯದ ಬರಹಕ್ಕೂ ಅಂಥ ಲಿಪಿಕಾರರ ಎಚ್ಚರ ಬೇಕು.