ಅಯಾನು ವಿನಿಮಯ ಮತ್ತು ಫ್ಲೋರೈಡ್: ಪಶ್ಚಿಮ ತಾಲ್ಲೂಕುಗಳು

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಕೊಳವೆಬಾವಿ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಮಿತಿಮೀರಿದೆ. ನೀರಿನಲ್ಲಿ ಅದು ಹೆಚ್ಚುವುದಕ್ಕೂ, ನೀರಿನಿಂದ ಅದನ್ನು ತೆಗೆಯುವುದಕ್ಕೂ ಅಯಾನು ವಿನಿಮಯದ ನಂಟಿದೆ.

ಒಂದು ಅಯಾನನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಈ ಕ್ರಿಯೆ ಮೊದಲು ತಿಳಿದದ್ದು ಹೊಲದ ಮಣ್ಣಿನಿಂದ. ಅಮೋನಿಯಂ ಲವಣದ ದ್ರಾವಣವನ್ನು ಮಣ್ಣಿನಲ್ಲಿ ಹಾಯಿಸಿದರೆ ಅಮೋನಿಯಂ ಉಳಿದು ಕ್ಯಾಲ್ಸಿಯಂ ಹೊರಬರುತ್ತದೆಂದು ಇಂಗ್ಲೆಂಡಿನ ಥಾಂಪ್ಸನ್ ಮತ್ತು ವೇ 1850ರ ಸುಮಾರಿಗೆ ತೋರಿಸಿದರು. 1935ರಲ್ಲಿ ಆಡಮ್ಸ್ ಮತ್ತು ಹೋಮ್ಸ್ ಇದೇ ವಿನಿಮಯ ನಡೆಸುವ ಕೃತಕ ರಾಳಗಳನ್ನು ತಯಾರಿಸಿದರು. ಆಮ್ಲದಲ್ಲಿ ಹೈಡ್ರೋಜನ್ ಅಯಾನುಗಳು ರಾಳದಲ್ಲಿನ ಜಾಗಕ್ಕಾಗಿ ಲೋಹದ ಅಯಾನುಗಳೊಡನೆ ಪೈಪೋಟಿಗಿಳಿದು ಅವನ್ನು ಹೊರದೂಡುತ್ತವೆ. ಆದರೆ ಗಾಢ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಬ್ಬಿಣ ಕ್ಲೋರೈಡಿನೊಡನೆ ಕೂಡಿ ಋಣ ಅಯಾನಾಗಿ, ಋಣ ಅಯಾನು ಹಿಡಿಯುವ ರಾಳದಲ್ಲಿ ಉಳಿಯುತ್ತದೆ; ನಿಕ್ಕಲ್ ಹಾಗಾಗುವುದಿಲ್ಲ. ಅಮೆರಿಕದ ಓಕ್ ರಿಡ್ಜ್‌ನಲ್ಲಿ ಕ್ರೌಸ್ ಮತ್ತು ನೆಲ್ಸನ್ 1950ರ ದಶಕದಲ್ಲಿ ಇಂಥ ವ್ಯತ್ಯಾಸಗಳಿಂದಲೇ ಹತ್ತಾರು ಲೋಹಗಳನ್ನು ಬೇರ್ಪಡಿಸಿದರು.

ಫ್ಲೋರೈಡ್ ಮಿತಿಮೀರಿದಾಗ ಬರುವ ಫ್ಲೋರೋಸಿಸ್ ಕಾಯಿಲೆ ಭಾರತದಲ್ಲಿ ವರದಿಯಾದದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ. ಆಗ ಈ ತಾಲ್ಲೂಕುಗಳ ಪ್ರದೇಶವನ್ನು ತನ್ನ ಪಶ್ಚಿಮ ಭಾಗದಲ್ಲಿ ಹೊಂದಿದ್ದ ಬಳ್ಳಾರಿ ಜಿಲ್ಲೆಯೂ ಅದೇ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಪಶ್ಚಿಮ ತಾಲ್ಲೂಕುಗಳ ನೆಲದಡಿ ಬಹುಪಾಲು ಗ್ರಾನೈಟ್ ಮತ್ತು ನೈಸ್ ಶಿಲೆ. ಅದರೊಳಗಿನ ಅಪಟೈಟ್, ಬಯೊಟೈಟ್ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ನೀರಿಗಿಳಿಯುತ್ತದೆ. ನೀರಿನಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇದ್ದರೆ ಫ್ಲೋರೈಡ್ ಅದರೊಡನೆ ಕೂಡಿ ಕ್ಯಾಲ್ಸಿಯಂ ಫ್ಲೋರೈಡಾಗಿ ಕೆಳಗೆ ಕೂರುತ್ತದೆ. ಜೇಡಿಮಣ್ಣು ಕ್ಯಾಲ್ಸಿಯಂ ಹಿಡಿದಿಟ್ಟು ಸೋಡಿಯಂ ಬಿಟ್ಟುಕೊಟ್ಟಾಗ ಆ ಕಡಿವಾಣ ತಪ್ಪುತ್ತದೆ. ಕ್ಯಾಲ್ಸಿಯಂ ಹೆಚ್ಚಿರುವ ಗಡಸು ನೀರೇ ಕೆಟ್ಟದ್ದು, ಮೆದು ನೀರು ಒಳ್ಳೆಯದು ಎಂಬ ನಂಬಿಕೆ ಇಲ್ಲಿ ಜನರನ್ನು ದಾರಿತಪ್ಪಿಸಬಲ್ಲದು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಒಪ್ಪುವ ಫ್ಲೋರೈಡ್ ಪ್ರಮಾಣ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದರೆ 1.5.

ಫ್ಲೋರೈಡ್ ತೆಗೆಯುವ ಕ್ರಮಗಳಲ್ಲಿ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ, ಪಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನ ಹೆಸರಾಯಿತು. ವಿನಿಮಯ ತತ್ತ್ವದ ಮೇಲೆ ನಿಂತದ್ದು ಸಕ್ರಿಯ ಅಲ್ಯೂಮಿನಾ, ಎಂದರೆ ಅಲ್ಯೂಮಿನಿಯಂ ಆಕ್ಸೈಡ್. ತುಸು ಆಮ್ಲೀಯ ನೀರಿನಲ್ಲಿ, ಎಂದರೆ ಪಿಎಚ್ 5ರಿಂದ 6ರ ನಡುವೆ, ಅದರ ಮೈಮೇಲೆ ಧನ ವಿದ್ಯುದಂಶ ಮೂಡುತ್ತದೆ. ಅಲ್ಲಿನ ಹೈಡ್ರಾಕ್ಸಿಲ್ ಬಿಟ್ಟ ಜಾಗವನ್ನು ಫ್ಲೋರೈಡ್ ಹಿಡಿಯುತ್ತದೆ. ಆಮ್ಲ ಇನ್ನೂ ಹೆಚ್ಚಾದರೆ ಅಲ್ಯೂಮಿನಿಯಂ ತಾನೇ ಅಯಾನಾಗಿ ಕರಗಿ ಕುಡಿಯುವ ನೀರಿಗೆ ಸೇರುತ್ತದೆ. ಫ್ಲೋರೈಡ್ ಕಂಡುಬರುವ ಬಾವಿಗಳ ನೀರು ಸಾಮಾನ್ಯವಾಗಿ ಕ್ಷಾರೀಯ, ಬೈಕಾರ್ಬನೇಟ್ ಹೆಚ್ಚು. ಹಾಗಾಗಿ ಪ್ರಯೋಗಾಲಯದಲ್ಲಿ ಚೆನ್ನಾಗಿ ಹಿಡಿದ ಅಲ್ಯೂಮಿನಾ ಊರಿನಲ್ಲಿ ಅಷ್ಟು ಹಿಡಿಯದು. ತುಂಬಿದ ಅಲ್ಯೂಮಿನಾವನ್ನು ಕಾಸ್ಟಿಕ್ ಸೋಡಾದಿಂದ ತೊಳೆದು, ಆಮ್ಲದಿಂದ ಹದಕ್ಕೆ ತಂದು ಮತ್ತೆ ಬಳಸಬಹುದು. ತೊಳೆದ ನೀರಿನಲ್ಲಿ ಹಿಡಿದ ಫ್ಲೋರೈಡೆಲ್ಲ ಇರುವುದರಿಂದ ಅದನ್ನು ಬಾವಿಯ ಬಳಿ ಚೆಲ್ಲುವಂತಿಲ್ಲ.