ಸುಲ್ತಾನನಿಗೆ ಗೊತ್ತಿತ್ತು

ಜೇವರ್ಗಿಯ ನಮ್ಮ ಮನೆ ಹಿತ್ತಲಲ್ಲಿ ಈಜುಕೊಳ ಕಟ್ಟಿಸೋಕೆ ಬೆಂಗಳೂರಲ್ಲಿ ಕೂತು ಎಕ್ಸೆಲ್ ಶೀಟ್ ಮಾಡಿದ್ದೆ. 20 ಅಡಿ ಉದ್ದ, 10 ಅಗಲ, 4 ಆಳ. ಹೆಚ್ಚುಕಡಿಮೆ 22,600 ಲೀಟರ್. ಟೈಲ್ಸ್, ಫಿಲ್ಟರ್, ಮೇಸ್ತ್ರಿ ಕೂಲಿ ಎಲ್ಲಾ ಇತ್ತು. ಅಪ್ಪ ನೋಡಿ, "ನೀರ ಎಲ್ಲಿಂದ ತರ್ತಿ?" ಅಂದ. ಆ ಕಾಲಂ ಇರಲಿಲ್ಲ.

ಕಲಬುರಗಿಗೆ ಹೋಗುವಾಗ ಫಿರೋಜಾಬಾದ್ ಸಿಗುತ್ತದೆ. 1400ರ ಸುಮಾರಿಗೆ ಬಹಮನಿ ಸುಲ್ತಾನ ಫಿರೋಜ್ ಷಾ ಕಟ್ಟಿಸಲು ಶುರುಮಾಡಿದ ಅರಮನೆ ಪಟ್ಟಣ. ಮೂರು ಕಡೆ ಕೋಟೆಗೋಡೆ, ನಾಲ್ಕನೇ ಕಡೆ ಭೀಮಾ ನದಿಯೇ ಕಾವಲು. ಒಳಗೆ ಗುಮ್ಮಟದ ಹಮಾಮುಗಳು, ಅಂದರೆ ಸ್ನಾನಗೃಹಗಳು. ದಖ್ಖನ್ನಿನಲ್ಲಿ ಉಳಿದಿರುವ ಹಳೆಯ ಹಮಾಮುಗಳ ಪೈಕಿ ಇವೂ ಸೇರುತ್ತವೆ. ಸುಲ್ತಾನನೂ ಶೋಕಿಗೇ ಕಟ್ಟಿಸಿದ್ದು, ಆದರೆ ಹೊಳೆ ದಂಡೆ ಹುಡುಕಿಕೊಂಡು ಕಟ್ಟಿಸಿದ.

ನಮ್ಮ ಬೋರು ಏಪ್ರಿಲ್‌ಗೇ ಸೋಲುತ್ತದೆ. ಅಕ್ಕಪಕ್ಕದವರೂ ಅಲ್ಲೇ ಕೊಡ ತುಂಬೋದು. ಅಷ್ಟರಲ್ಲಿ ಜೆಸಿಬಿ ಗುಂಡಿ ತೋಡಿಯಾಗಿತ್ತು. ಈಗ ಅದಕ್ಕೆ ಮಾಳಿಗೆಯ ಮಳೆನೀರು ಬಿಟ್ಟಿದ್ದೇವೆ. ಮೇಸ್ತ್ರಿ ಇನ್ನೂ ಕೇಳ್ತಾನೆ, "ನೀಲಿ ಟೈಲ್ಸ್ ಏನ್ ಮಾಡೂಣ್ರಿ?"